ಸೀಡರ್ ಹಲಗೆ ಕಪ್ಪಾಗಿದೆಯೇ? ಪಾಲಿಶ್ ಹೊಡೆಸುವ ಮುನ್ನ ಕಾರಣ ಹುಡುಕಿ

ಮುಂಬೈಯಲ್ಲಿ ಮಳೆ ಹಿಡಿದು ಒಂದು ತಿಂಗಳಾಗುವ ಹೊತ್ತಿಗೆ ನನಗೆ ಫೋಟೊಗಳು ಬರಲು ಶುರುವಾಗುತ್ತವೆ. ಡೊಂಬಿವಲಿಯಿಂದ, ಮುಲುಂಡ್‌ನಿಂದ, ನಡುನಡುವೆ ಗೋವಾದ ವಾಸ್ಕೊದಿಂದ. ಬಾಲ್ಕನಿಯ ಸೀಡರ್ ಹಲಗೆ, ಕಿಟಕಿಯ ಚೌಕಟ್ಟು, ಇಲ್ಲವೇ ದೇವರ ಮಂಟಪ. ಮೇಲೆ ಕಪ್ಪು ಕಲೆ. ಜೊತೆಗೆ ಒಂದೇ ಪ್ರಶ್ನೆ: "ಇದಕ್ಕೆ ಯಾವ ಪಾಲಿಶ್ ಹೊಡೆಸೋಣ?"

ಸದ್ಯಕ್ಕೆ ಯಾವುದೂ ಬೇಡ. ಸೀಡರ್ ಕಪ್ಪಾಗಲು ಬೂಷ್ಟು ಕಾರಣ ಇರಬಹುದು. ಕಬ್ಬಿಣ ಇರಬಹುದು. ಸಿಮೆಂಟಿನ ನೀರು ಇರಬಹುದು. ದೀಪದ ಮಸಿ ಇರಬಹುದು. ನಾಲ್ಕೂ ದೂರದಿಂದ ನೋಡಲು ಹೆಚ್ಚುಕಡಿಮೆ ಒಂದೇ ತರಹ, ಮದ್ದು ಮಾತ್ರ ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ಕಲೆ ಹೋಗುವುದಿಲ್ಲ, ಕೆಲವು ಸಲ ಜಾಸ್ತಿಯೇ ಆಗುತ್ತದೆ. ಕಾರಣ ಗೊತ್ತಿಲ್ಲದೆ ಮೇಲೆ ಪಾಲಿಶ್ ಎಳೆದರಂತೂ ಕಲೆ ಅದರ ಅಡಿಯಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಪಾಲಿಶ್ ಸಮೇತ ಕೆರೆದು ತೆಗೆಯಬೇಕು. ದುಡ್ಡೂ ಎರಡು ಸಲ, ಧೂಳೂ ಎರಡು ಸಲ.

ಅದು ನಿಜವಾಗಿ ಸೀಡರ್ ಹೌದೇ?

ನಮ್ಮ ಕಡೆ ಸೀಡರ್ ಅಂತ ಮನೆಗೆ ಬರುವ ಮರಗಳು ಮುಖ್ಯವಾಗಿ ಎರಡು. ಒಂದು ಹಿಮಾಲಯದ ದೇವದಾರು. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟಗಳ ಮರ. ತೆಳು ಹಳದಿ ಬೆರೆತ ಕಂದು ಬಣ್ಣ, ಒಳಗೆ ಎಣ್ಣೆಯಂಶ ಜಾಸ್ತಿ, ಗಾಢ ಪರಿಮಳ. ಇನ್ನೊಂದು ಕೆನಡಾ ಮತ್ತು ಅಮೆರಿಕದ ಪಶ್ಚಿಮ ಭಾಗದಿಂದ ಬರುವ ವೆಸ್ಟರ್ನ್ ರೆಡ್ ಸೀಡರ್. ಕೆಂಪು ಮಿಶ್ರಿತ ಕಂದು, ತುಂಬ ಹಗುರ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಇದು ದೇವದಾರಿನ ಕುಲಕ್ಕೆ ಸೇರಿದ್ದಲ್ಲ, ಸೈಪ್ರಸ್ ಕುಟುಂಬದ್ದು. ಒಣಗಿದ ದೇವದಾರು ಒಂದು ಘನ ಅಡಿಗೆ ಸುಮಾರು 16 ಕಿಲೊ ತೂಗುತ್ತದೆ, ರೆಡ್ ಸೀಡರ್ 10ರಿಂದ 11 ಕಿಲೊ. ಹೊಸ ಕಟ್ಟಡಗಳ ಬಾಲ್ಕನಿ ಸೀಲಿಂಗ್, ಟೆರೇಸ್ ಡೆಕ್, ಸೌನಾ ಕೋಣೆಗಳಲ್ಲಿ ಕಾಣುವುದು ಹೆಚ್ಚಾಗಿ ರೆಡ್ ಸೀಡರ್.

ಮೂರನೆಯ ಗಿರಾಕಿಯೂ ಒಬ್ಬನಿದ್ದಾನೆ. ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಅಗ್ಗದ ಪೈನ್ ಮರವನ್ನೂ ಮುಂಬೈ, ಪುಣೆ ಕಡೆ 'ದೇವದಾರ್' ಅಂತ ಕರೆಯುವ ರೂಢಿ ಇದೆ. ಮರಗೆಲಸದ ಮಿಸ್ತ್ರಿ ಸುಳ್ಳು ಹೇಳಿದ ಅಂತಲ್ಲ, ಆತ ಆ ಮರಕ್ಕೆ ಹಾಗೇ ಹೇಳುವುದು. ಆದರೆ ಪೈನ್‌ಗೆ ಬೂಷ್ಟು, ಗೆದ್ದಲು ಸಲೀಸಾಗಿ ಹಿಡಿಯುತ್ತವೆ. ಅದಕ್ಕೆ ಸೀಡರಿನ ಮದ್ದು ಸಾಲುವುದಿಲ್ಲ. ಗುರುತು ಹಿಡಿಯುವುದು ಕಷ್ಟವೇನಲ್ಲ. ಕಣ್ಣಿಗೆ ಬೀಳದ ಜಾಗದಲ್ಲಿ, ಹಲಗೆಯ ಹಿಂದೆಯೋ ಅಡಿಗೋ, ಸ್ಯಾಂಡ್‌ಪೇಪರ್‌ನಿಂದ ನಾಲ್ಕು ಸಲ ಉಜ್ಜಿ ಕೂಡಲೇ ಮೂಸಿ ನೋಡಿ. ಟರ್ಪೆಂಟೈನ್ ವಾಸನೆ ಬಂದರೆ ಪೈನ್. ಪೆನ್ಸಿಲ್ ಚೂಪು ಮಾಡುವಾಗಿನ ಸಿಹಿ ಘಾಟು ಬಂದರೆ ಸೀಡರ್ ಬಳಗದ್ದು. ವಾಸನೆಯೇ ಇಲ್ಲದಿದ್ದರೆ ಬೇರೆ ಯಾವುದೋ ಮರಕ್ಕೆ ಬಣ್ಣ ಹಚ್ಚಿದ್ದಾರೆ.

ಇನ್ನೊಂದು ಮಾತು. ಸೀಡರ್ ಕೊಳೆಯದೆ ತಾಳುವುದಕ್ಕೆ ಕಾರಣ ಅದರ ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಾಢ ಬಣ್ಣದ ಗಟ್ಟಿ ಮರದಲ್ಲಿ, ಇರುವ ರಸಾಯನಗಳು. ರೆಡ್ ಸೀಡರ್‌ನಲ್ಲಿರುವ ಥುಜಾಪ್ಲಿಸಿನ್ ಅಂಥದ್ದೊಂದು, ಶಿಲೀಂಧ್ರ ಬೆಳೆಯದಂತೆ ತಡೆಯುತ್ತದೆ. ಈ ರಕ್ಷಣೆ ಇರುವುದು ಚೇಗಿಗೆ ಮಾತ್ರ. ಹೊರಗಿನ ಬಿಳಿ ಭಾಗಕ್ಕೆ ಇಲ್ಲ. ಒಂದೇ ಹಲಗೆಯ ಒಂದು ಅಂಚು ಮಾತ್ರ ಕೊಳೆತಿದೆ, ಉಳಿದದ್ದು ಗಟ್ಟಿಯಾಗಿದೆ ಅಂದರೆ ಆ ಅಂಚಿನಲ್ಲಿ ಬಿಳಿ ಮರ ಉಳಿದಿತ್ತು ಅಂತಲೇ ಮೊದಲು ಅನುಮಾನಿಸಿ.

ಕೈಗೆ ಬೇಕಾದ ಸಾಮಾನು

ಚಪ್ಪಟೆ ಸ್ಕ್ರೂಡ್ರೈವರ್, ಟಾರ್ಚ್, ಒಂದು ಅಯಸ್ಕಾಂತ, ಬಿಳಿ ಹತ್ತಿ ಬಟ್ಟೆ, 150 ಮತ್ತು 220 ನಂಬರಿನ ಸ್ಯಾಂಡ್‌ಪೇಪರ್, ಬಟ್ಟೆಗೆ ಹಾಕುವ ದ್ರವ ಬ್ಲೀಚ್, ಆಕ್ಸಾಲಿಕ್ ಆಸಿಡ್ ಪುಡಿ. ಮೊಸಾಯಿಕ್ ಮತ್ತು ಮಾರ್ಬಲ್ ನೆಲ ಪಾಲಿಶ್ ಮಾಡುವವರು ಬಳಸುವುದು ಇದೇ ಪುಡಿ, ಕೆಮಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಎರಡು ಪಿನ್ ಚುಚ್ಚಿ ತೇವ ಅಳೆಯುವ ಮೀಟರ್ ಒಂದಿದ್ದರೆ ತುಂಬ ಒಳ್ಳೆಯದು. ಮನೆಗೆ ಬೇಡವೆನಿಸಿದರೆ ಸೊಸೈಟಿಯಲ್ಲಿ ಸೇರಿ ಒಂದು ಕೊಂಡಿಡಿ.

ಮಾಸ್ಕ್ ಮರೆಯಬೇಡಿ. ರೆಡ್ ಸೀಡರಿನ ಧೂಳಿನಲ್ಲಿರುವ ಪ್ಲಿಕಾಟಿಕ್ ಆಸಿಡ್‌ನಿಂದ ಮರಗೆಲಸದವರಿಗೆ ಆಸ್ತಮಾ ಬರುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ಮನೆಯಲ್ಲಿ ಉಬ್ಬಸದವರಿದ್ದರೆ ಉಜ್ಜುವ ಕೆಲಸ ಹೊರಗೇ ಮಾಡಿ. ಮಿಸ್ತ್ರಿಗೂ ಒಂದು ಮಾಸ್ಕ್ ಕೊಡಿ. ಅವರು ಬೇಡ ಅಂದರೂ ಕೊಡಿ.

ಕಪ್ಪು ಕಲೆ: ಯಾವುದರದ್ದು?

ಕಲೆ ಎಲ್ಲಿದೆ ಅನ್ನುವುದೇ ಅರ್ಧ ಉತ್ತರ. ಹತ್ತಿರ ಹೋಗಿ ನೋಡಿ.

ಬೂಷ್ಟು ಚುಕ್ಕೆ ಚುಕ್ಕೆಯಾಗಿ ಹರಡಿರುತ್ತದೆ. ಬಿಸಿಲು ಬೀಳದ ಕಡೆ, ಹೂಕುಂಡಗಳ ಹಿಂದೆ, ಒಗೆದ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಜಾಸ್ತಿ. ಮಳೆಗೆ ಮುಂಚೆ ನೀಲಿ ತಾಡಪತ್ರಿ ಕಟ್ಟಿದ್ದರೆ ಅದರ ಒಳಗೇ ಎಲ್ಲಕ್ಕಿಂತ ಹೆಚ್ಚು. ತಾಡಪತ್ರಿ ಮಳೆ ತಡೆಯುತ್ತದೆ ಸರಿ, ಗಾಳಿಯನ್ನೂ ತಡೆಯುತ್ತದಲ್ಲ. ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಕಬ್ಬಿಣದ ಕಲೆ ನೀಲಿ ಮಿಶ್ರಿತ ಕಪ್ಪು. ಮೊಳೆ, ಸ್ಕ್ರೂ, ಬಿಜಾಗರಿಯ ಸುತ್ತ ಹುಟ್ಟಿ, ಮರದ ಎಳೆ ಹಿಡಿದು ಉದ್ದಕ್ಕೆ ಹರಿಯುತ್ತದೆ. ಸೀಡರ್‌ನಲ್ಲಿ ಟ್ಯಾನಿನ್ ತರಹದ ರಸ ಇದೆ. ಒದ್ದೆಯಾದ ಕಬ್ಬಿಣ ಅದಕ್ಕೆ ಸೇರಿದರೆ ಶಾಯಿಯಂಥ ಕಪ್ಪು ಬಣ್ಣ ಹುಟ್ಟುತ್ತದೆ. ಮರ ಕೊಳೆತಿಲ್ಲ, ಬಣ್ಣ ಬದಲಾಗಿದೆ ಅಷ್ಟೇ.

ಇದರಲ್ಲೇ ಮುಂಬೈಗೆ ವಿಶೇಷವಾದ ಒಂದು ರೂಪ ಇದೆ. ಅದನ್ನು ಬೂಷ್ಟು ಅಂದುಕೊಂಡು ಎಷ್ಟೋ ಮನೆಯವರು ತಿಂಗಳುಗಟ್ಟಲೆ ಬ್ಲೀಚ್ ಹಾಕಿ ತಿಕ್ಕಿರುತ್ತಾರೆ. ಎಪ್ರಿಲ್, ಮೇ ತಿಂಗಳಲ್ಲಿ ಕಿಟಕಿಗೆ ಗ್ರಿಲ್ ಕೂರಿಸುತ್ತಾರೆ. ಗ್ರಿಲ್‌ನವರು ಅಲ್ಲೇ ನಿಂತು ಕಟರ್‌ನಿಂದ ಕಬ್ಬಿಣ ಕತ್ತರಿಸುತ್ತಾರೆ, ವೆಲ್ಡಿಂಗ್ ಮಾಡುತ್ತಾರೆ. ಕಿಡಿಯ ಜೊತೆ ಕಬ್ಬಿಣದ ಸಣ್ಣ ಪುಡಿ ಹಾರಿ ಹಲಗೆಯ ಮೇಲೆ ಕೂರುತ್ತದೆ. ಆಗ ಕಣ್ಣಿಗೆ ಕಾಣಿಸುವುದೇ ಇಲ್ಲ. ಜೂನ್‌ನಲ್ಲಿ ಮೊದಲ ಮಳೆಯ ಎರಚಲು ಬಿತ್ತು ಅಂದರೆ ಒಂದೇ ರಾತ್ರಿಗೆ ಹಲಗೆಯ ತುಂಬ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಮಹಡಿಯ ಮೇಲಿನ ಮನೆಯವರ ಗ್ರಿಲ್ ಕೆಲಸದ ಪುಡಿಯೂ ನಿಮ್ಮ ಬಾಲ್ಕನಿಗೆ ಬೀಳಬಹುದು. ಹಾಗಾಗಿ ಇತ್ತೀಚೆಗೆ ಆಸುಪಾಸಿನಲ್ಲಿ ಏನೇನು ಕೆಲಸ ನಡೆದಿದೆ ಅಂತ ಮೊದಲು ಕೇಳಿಕೊಳ್ಳಿ. ಬಾತ್‌ರೂಮ್ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್‌ನಿಂದ ಸೀಡರ್ ಉಜ್ಜಿದರೂ ಇದೇ ಆಗುತ್ತದೆ.

ಸಿಮೆಂಟ್ ನೀರಿನ ಕಲೆ ಕಡು ಕಂದು. ಪ್ಲಾಸ್ಟರ್ ಇಲ್ಲವೇ ವಾಟರ್‌ಪ್ರೂಫಿಂಗ್ ಕೆಲಸ ಆದ ಜಾಗದ ಕೆಳಗೆ ಹರಿದ ಗುರುತಾಗಿರುತ್ತದೆ. ಸಿಮೆಂಟಿನ ಕ್ಷಾರ ಸೀಡರಿನ ಬಣ್ಣವನ್ನು ಗಾಢ ಮಾಡುತ್ತದೆ. ಮಸಿ ಅಂದರೆ ದೀಪದ ನೇರ ಮೇಲೆ, ಮುಟ್ಟಿದರೆ ಕೈಗೆ ಹತ್ತುತ್ತದೆ.

ಈಗ ಪರೀಕ್ಷೆ. ಕ್ರಮ ತಪ್ಪಿಸಬೇಡಿ.

ಒಣ ಬಿಳಿ ಬಟ್ಟೆಯಿಂದ ಒರೆಸಿ. ಕಪ್ಪು ಬಣ್ಣ ಬಟ್ಟೆಗೆ ಬಂದು ಮರ ಸ್ವಚ್ಛವಾದರೆ ಮಸಿ ಅಥವಾ ಕೊಳೆ. ಬರದಿದ್ದರೆ ಕಲೆಯ ಮೇಲೆ ಒಂದು ಹನಿ ಬ್ಲೀಚ್ ಹಾಕಿ ಒಂದೆರಡು ನಿಮಿಷ ಕಾಯಿರಿ. ಚುಕ್ಕೆ ಕಣ್ಣೆದುರೇ ಮಾಸಿದರೆ ಬೂಷ್ಟು. ಕದಲದಿದ್ದರೆ ಅಲ್ಲ. ಆ ಜಾಗವನ್ನು ಸಾಕಷ್ಟು ನೀರಿನಿಂದ ತೊಳೆದು ಪೂರ್ತಿ ಒಣಗಲು ಬಿಡಿ. ಮರುದಿನ, ಬ್ಲೀಚ್ ತಾಗದ ಇನ್ನೊಂದು ಕಲೆಯ ಮೇಲೆ ಒಂದು ಹನಿ ಆಕ್ಸಾಲಿಕ್ ದ್ರಾವಣ (ಅಳತೆ ಮುಂದೆ ಹೇಳಿದ್ದೇನೆ) ಹಾಕಿ. ಕಪ್ಪು ಕರಗಿ ಮರದ ಬಣ್ಣ ತಿರುಗಿ ಬಂದರೆ ಕಬ್ಬಿಣ. ಸಿಮೆಂಟಿನ ಕಲೆಯೂ ಇದಕ್ಕೆ ಬಗ್ಗುತ್ತದೆ. ಇವೆರಡರಲ್ಲಿ ಯಾವುದು ಅಂತ ಕಲೆಯಿರುವ ಜಾಗ ನೋಡಿದರೆ ಗೊತ್ತಾಗುತ್ತದೆ.

ಬ್ಲೀಚ್ ಮತ್ತು ಆಸಿಡ್ ಯಾವತ್ತೂ ಒಂದಕ್ಕೊಂದು ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಾಲ್ಕನಿಯಲ್ಲಿ ಅದು ಜೀವಕ್ಕೇ ಅಪಾಯ. ಅಮೋನಿಯಾ ಇರುವ ಗಾಜು ಒರೆಸುವ ದ್ರವಕ್ಕೂ ಬ್ಲೀಚ್ ಬೆರೆಸಬಾರದು. ಆಕ್ಸಾಲಿಕ್ ಪುಡಿ ವಿಷ, ನೋಡಲು ಸಕ್ಕರೆಯಂತೆ ಬಿಳಿ ಹರಳು. ಅಡುಗೆಮನೆಯ ಡಬ್ಬಿಗೆ ಹಾಕಿಡಬೇಡಿ, ಮಕ್ಕಳ ಕೈಗೆ ಸಿಗದಂತೆ ಹೆಸರು ಬರೆದು ಇಡಿ.

ಕಾರಣ ಸಿಕ್ಕ ಮೇಲೆ

ಬೂಷ್ಟಾದರೆ: ಒಂದು ಪಾಲು ಬ್ಲೀಚ್‌ಗೆ ಮೂರು ಪಾಲು ನೀರು, ಅಮೋನಿಯಾ ಇಲ್ಲದ ಪಾತ್ರೆ ತೊಳೆಯುವ ಸೋಪು ಸ್ವಲ್ಪ. ನೈಲಾನ್ ಬ್ರಶ್‌ನಿಂದ ಎಳೆಯ ದಿಕ್ಕಿಗೆ ಹಗುರವಾಗಿ ತಿಕ್ಕಿ. ಹತ್ತು ಹದಿನೈದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಕೆಳಗಿನ ತುಳಸಿ, ಮಲ್ಲಿಗೆ ಕುಂಡಗಳನ್ನು ಮೊದಲೇ ಸರಿಸಿ. ಕೆಲವರು ನೀರಿನ ಪ್ರೆಶರ್ ಗನ್ ತರುತ್ತಾರೆ. ಬೇಡ. ಸೀಡರ್ ಮೆತ್ತಗಿನ ಮರ, ಗನ್ ಹೊಡೆದರೆ ಎಳೆ ಎದ್ದು ಮೈಯೆಲ್ಲ ತರಿ ತರಿ ಆಗುತ್ತದೆ. ಆಮೇಲೆ ಆ ತರಿಯಲ್ಲೇ ನೀರು ನಿಲ್ಲುತ್ತದೆ.

ತೊಳೆದ ಮೇಲೂ ಮತ್ತೆ ಮತ್ತೆ ಬೂಷ್ಟು ಬರುತ್ತಿದ್ದರೆ ಹಿಂದೆ ಏನು ಹಚ್ಚಿದ್ದರು ಅಂತ ವಿಚಾರಿಸಿ. ಹಸಿ ಅಗಸೆ ಎಣ್ಣೆ ಹಚ್ಚಿದ್ದರೆ ಅದೇ ಬೂಷ್ಟಿಗೆ ಊಟ. ಹಳೆಯ ಕಾಲದಿಂದ ಬಂದ ಪದ್ಧತಿ ಅಂತ ಅದನ್ನು ಹಚ್ಚುವವರು ಇನ್ನೂ ಇದ್ದಾರೆ. ಒಳಗಿನ ಪೀಠೋಪಕರಣಕ್ಕೆ ಪರವಾಗಿಲ್ಲ, ಕೊಂಕಣ ಕರಾವಳಿಯ ಮಳೆಗೆ ತೆರೆದ ಮರಕ್ಕೆ ಅದು ತಕ್ಕದ್ದಲ್ಲ. ಹೊರಗಿನ ಮರಕ್ಕೆ ಬೂಷ್ಟು ತಡೆಯುವ ಅಂಶ ಮತ್ತು ಸ್ವಲ್ಪ ಬಣ್ಣದ ಪುಡಿ ಸೇರಿದ, ಮರದೊಳಗೆ ಇಳಿಯುವ ಎಣ್ಣೆಯನ್ನೇ ತನ್ನಿ. ಯಾವ ಎಣ್ಣೆಯೇ ಆಗಲಿ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಕಬ್ಬಿಣವಾದರೆ: ಮೊದಲು ಕಬ್ಬಿಣ ತೆಗೆಯಿರಿ. ಅದು ಇರುವವರೆಗೆ ಕಲೆ ಬರುತ್ತಲೇ ಇರುತ್ತದೆ. ಸ್ಕ್ರೂ ಹೊಳೆಯುತ್ತಿದೆ, ಹಾಗಾಗಿ ಸ್ಟೇನ್‌ಲೆಸ್ ಅಂತ ನಂಬಬೇಡಿ. ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಸಾಮಾನ್ಯವಾಗಿ ಲೇಪ ಕೊಟ್ಟ ಕಬ್ಬಿಣ. ಲೇಪ ಸವೆದ ಮೇಲೆ ತುಕ್ಕು ಶುರು. ಮುಂಬೈಯ ಸಮುದ್ರದ ಬದಿ ಮತ್ತು ಗೋವಾದಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ಉಪ್ಪು ಗಾಳಿಗೆ 304 ಕೂಡ ಕಂದು ಕಲೆ ಬಿಡುತ್ತದೆ. ಪುಣೆಯಲ್ಲಿ 304 ಸಾಕು. ಮುಂಬೈಯ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ದರ್ಜೆ ಹೇಳಿಯೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ರೇಟು ಜಾಸ್ತಿ ಅನಿಸುತ್ತದೆ. ಆದರೆ ಒಂದು ಬಾಲ್ಕನಿಯ ಖರ್ಚಿನಲ್ಲಿ ಸ್ಕ್ರೂಗಳ ಪಾಲು ಬಹಳ ಸಣ್ಣದು, ಅಲ್ವಾ?

ಆಮೇಲೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಆಕ್ಸಾಲಿಕ್ ಪುಡಿ ಕರಗಿಸಿ. ಕೈಗವಸು, ಕನ್ನಡಕ ಕಡ್ಡಾಯ. ಕಲೆಯ ಮೇಲೆ ಮಾತ್ರ ಹಚ್ಚಿದರೆ ಅಲ್ಲಿ ಬಿಳಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಇಡೀ ಹಲಗೆಗೆ ಹಚ್ಚಿ. ಇಪ್ಪತ್ತು ನಿಮಿಷ ಬಿಟ್ಟು ಎರಡು ಮೂರು ಸಲ ನೀರಿನಿಂದ ತೊಳೆಯಿರಿ. ಹಳೆಯ ಕಲೆಗೆ ಇನ್ನೊಂದು ಸಲ ಬೇಕಾಗಬಹುದು. ಗ್ರಿಲ್ ಪುಡಿಯ ಚುಕ್ಕೆಗಳಿಗೆ ಇಷ್ಟು ಸಾಲುವುದಿಲ್ಲ. ಪುಡಿ ಮರದಲ್ಲಿ ಸಿಕ್ಕಿಕೊಂಡಿರುತ್ತದೆ. ತೊಳೆದು ಒಣಗಿಸಿ, 150ರ ಸ್ಯಾಂಡ್‌ಪೇಪರ್ ಹಿಡಿದು ಮೇಲ್ಪದರ ತೆಗೆದು, ಮತ್ತೊಮ್ಮೆ ಆಕ್ಸಾಲಿಕ್ ಹಚ್ಚಿ ತೊಳೆಯಬೇಕು. ಇನ್ನೂ ಮಳೆ ಬಿದ್ದಿಲ್ಲ, ಗ್ರಿಲ್ ಕೆಲಸ ಈಗಷ್ಟೇ ಮುಗಿದಿದೆ ಅನ್ನುವವರು ಅದೃಷ್ಟವಂತರು. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಹಲಗೆಯ ಮೇಲೆ ಆಡಿಸಿ, ಪುಡಿಯೆಲ್ಲ ಬಟ್ಟೆಗೆ ಬರುತ್ತದೆ. ಕೆಲಸಕ್ಕೆ ಮುಂಚೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಇಷ್ಟು ಪಾಡೂ ಇಲ್ಲ.

ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೀಡರ್ ಹತ್ತಿರ ತರಬೇಡಿ. ಅದು ಮರದ ಎಳೆಯನ್ನೇ ಸುಡುತ್ತದೆ.

ದೇವರ ಮಂಟಪ

ಇದಕ್ಕೆ ಬೇರೆಯೇ ಜಾಗ ಕೊಡಬೇಕು. ಊರು ಬಿಟ್ಟು ಬಂದ ಎಷ್ಟೋ ಮನೆಗಳಲ್ಲಿ ಮಂಟಪ ಅಜ್ಜಿಯ ಕಾಲದ್ದು. ಅದನ್ನು ಬ್ಲೀಚ್ ಹಾಕಿ ತಿಕ್ಕುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಇಲ್ಲಿ ಒಂದೇ ಮರದ ಮೇಲೆ ಮೂರು ಬಗೆಯ ಕಲೆ ಇರುತ್ತವೆ. ನಂದಾದೀಪ ಮತ್ತು ಕರ್ಪೂರದ ಮಸಿ ಮೇಲ್ಭಾಗದಲ್ಲಿ. ಎಣ್ಣೆ ಇಳಿದ ಕಲೆ ಕೆಳಗಿನ ಹಲಗೆಯಲ್ಲಿ. ಹೂಮಾಲೆ ಸಿಕ್ಕಿಸಲು ಹೊಡೆದ ಕಬ್ಬಿಣದ ಮೊಳೆಯ ಸುತ್ತ ಕಪ್ಪು ಉಂಗುರ. ಹೂವಿನ ನೀರು ದಿನವೂ ಮೊಳೆಗೆ ತಾಗುತ್ತದೆ, ತುಕ್ಕು ಹಿಡಿಯದೆ ಇನ್ನೇನಾಗುತ್ತದೆ? ಮೊಳೆ ಕಿತ್ತು ಹಿತ್ತಾಳೆಯ ಕೊಕ್ಕೆ ಹಾಕಿ.

ಮಸಿಗೆ ಮೊದಲೇ ನೀರು ಹಾಕಬೇಡಿ. ಹಾಕಿದರೆ ಎಳೆಯೊಳಗೆ ಇಳಿದು ಕೂತುಬಿಡುತ್ತದೆ. ಮೃದುವಾದ ಒಣ ಬ್ರಶ್‌ನಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ. ಉಳಿದದ್ದನ್ನು ಟರ್ಪೆಂಟೈನ್‌ನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ದೀಪ ಆರಿಸಿ, ಕಿಟಕಿ ತೆರೆದು ಮಾಡಿ. ಹಳೆಯ ಪಾಲಿಶ್ ಇದ್ದರೆ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಎಣ್ಣೆಯ ಕಲೆಗೆ ಮುಲ್ತಾನಿ ಮಿಟ್ಟಿಯನ್ನು ಟರ್ಪೆಂಟೈನ್‌ನಲ್ಲಿ ಕಲಸಿ ದಪ್ಪಗೆ ಮೆತ್ತಿ. ಒಣಗಿದ ಮೇಲೆ ಉದುರಿಸಿ. ಮಣ್ಣು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಒಂದೇ ಸಲಕ್ಕೆ ಎಲ್ಲವೂ ಬರುವುದಿಲ್ಲ, ತಾಳ್ಮೆ ಬೇಕು. ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆ ದೀಪವನ್ನು ಪೂರ್ತಿ ಒರೆಸಿಯೇ ಮಂಟಪದಲ್ಲಿಡಿ, ಕೆಳಗೊಂದು ತಟ್ಟೆಯೂ ಇರಲಿ.

ಗೋಡೆಯ ಮೇಲೆ ಕಂದು ನೀರು

ಹೊಸ ಸೀಡರ್‌ನಿಂದ ಮೊದಲ ಮಳೆಗೆ ಚಹಾದ ಬಣ್ಣದ ನೀರು ಇಳಿಯುತ್ತದೆ. ಬಿಳಿ ಗೋಡೆ, ಟೈಲ್ಸ್ ಎಲ್ಲ ಕಲೆ. ಮರದೊಳಗಿನ ರಸ ನೀರಿನಲ್ಲಿ ಕರಗಿ ಬರುವುದು ಇದು. ಹೊಸ ಮರಕ್ಕೆ ಸಹಜ, ಕ್ರಮೇಣ ಕಡಿಮೆಯಾಗುತ್ತದೆ.

ಆದರೆ ಪೇಂಟ್ ಮಾಡಿದ ಸೀಡರಿನ ಮೇಲೆ ಕಂದು ಬಂದರೆ ಗುರುತನ್ನು ಸರಿಯಾಗಿ ಓದಿ. ಹಲಗೆಯ ಮೈಯೆಲ್ಲ ಮಂದವಾಗಿ ಕಂದಾಗಿದ್ದರೆ ಮಳೆ ಮುಂದಿನಿಂದ ಪೇಂಟಿನೊಳಗೆ ಹೋಗುತ್ತಿದೆ, ಅಡಿಯ ಪ್ರೈಮರ್ ಸರಿಯಿಲ್ಲ. ಹಲಗೆಯ ಸಂದಿನಿಂದ ಗೆರೆ ಗೆರೆಯಾಗಿ ಇಳಿದಿದ್ದರೆ ನೀರು ಹಿಂದಿನಿಂದ ಬರುತ್ತಿದೆ. ಎರಡನೆಯದಕ್ಕೆ ಪೇಂಟ್ ಮದ್ದಲ್ಲ. ಮೇಲಿನ ಛಜ್ಜಾ, ಪೈಪು, ಟೆರೇಸಿನ ಸೋರಿಕೆ ನೋಡಬೇಕು, ಪ್ಲಂಬರ್‌ನನ್ನು ಕರೆಸಬೇಕು. ಮೊದಲನೆಯದಾದರೆ ಒಣ ಋತುವಿನಲ್ಲಿ ತೊಳೆದು, ಕಲೆ ತಡೆಯುವ ಎಣ್ಣೆ ಪ್ರೈಮರ್ ಹಚ್ಚಿ ಮತ್ತೆ ಪೇಂಟ್ ಮಾಡಿಸಿ.

ದೇವದಾರಿನ ಗಂಟುಗಳಿಂದ ಅಂಟು ಎಣ್ಣೆ ಬರುವುದು ಬೇರೆ ಸಮಸ್ಯೆ. ಬಿಸಿಲು ಬಿದ್ದಾಗ ಹನಿಯಾಗಿ ಹೊರಬರುತ್ತದೆ. ಗಟ್ಟಿಯಾದದ್ದನ್ನು ಕೆರೆದು, ಸ್ಪಿರಿಟ್‌ನಿಂದ ಒರೆಸಿ, ಗಂಟಿನ ಮೇಲೆ ಚಪ್ಡಾ (ಅರಗಿನ) ಪಾಲಿಶ್ ಎರಡು ಕೈ ಹಚ್ಚಿ. ಮಿಸ್ತ್ರಿಗಳಿಗೆ ಇದು ಚೆನ್ನಾಗಿ ಗೊತ್ತು.

ಬೂದು ಬಣ್ಣ

ಇದು ದೋಷವೇ ಅಲ್ಲ. ಬಿಸಿಲಿನ ನೇರಳಾತೀತ ಕಿರಣ ಮರದ ಮೇಲ್ಪದರದಲ್ಲಿ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದು ಒಯ್ಯುತ್ತದೆ. ಉಳಿದ ನಾರು ಬೂದಾಗಿ ಕಾಣುತ್ತದೆ. ಒಳಗಿನ ಮರ ಗಟ್ಟಿಯಾಗೇ ಇರುತ್ತದೆ. ನಿಮಗೆ ಆ ಬಣ್ಣ ಹಿಡಿಸಿದರೆ ಹಾಗೇ ಬಿಡಿ. ಹಿಡಿಸದಿದ್ದರೆ ಆಕ್ಸಾಲಿಕ್ ತೊಳೆತ, ಹಗುರವಾಗಿ ಸ್ಯಾಂಡ್‌ಪೇಪರ್, ಆಮೇಲೆ ಬಣ್ಣದ ಪುಡಿ ಇರುವ ಎಣ್ಣೆ. ಪಾರದರ್ಶಕ ಎಣ್ಣೆ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ.

ಪಾಲಿಶ್ ಸಿಪ್ಪೆ ಏಳುತ್ತಿದೆ

ಎದ್ದ ಒಂದು ಸಿಪ್ಪೆ ಕಿತ್ತು ಅದರ ಹಿಂಬದಿ ನೋಡಿ. ಬೂದು ನಾರು ಅಂಟಿಕೊಂಡಿದ್ದರೆ, ಬಿಸಿಲಿಗೆ ಬಿದ್ದ ಮರದ ಮೇಲೆ ಉಜ್ಜದೇ ಪಾಲಿಶ್ ಹೊಡೆದಿದ್ದಾರೆ. ಕೆಲವು ವಾರ ಬಿಸಿಲು ಕಂಡ ಸೀಡರಿನ ಮೈಗೆ ಪಾಲಿಶ್ ಸರಿಯಾಗಿ ಹಿಡಿಯುವುದಿಲ್ಲ. ಸಿಪ್ಪೆ ಸ್ವಚ್ಛವಾಗಿದ್ದು ಕೆಳಗಿನ ಮರ ಒದ್ದೆಯಾಗಿದ್ದರೆ ನೀರು ಹಿಂದಿನಿಂದ ಬರುತ್ತಿದೆ. ಪದರಗಳ ನಡುವೆಯೇ ಬಿಟ್ಟುಕೊಂಡಿದ್ದರೆ ಹಳೆಯ ಪಾಲಿಶ್ ಉಜ್ಜದೆ ಹೊಸದು ಎಳೆದಿದ್ದಾರೆ.

ಹೊರಗಿನ ಸೀಡರಿಗೆ ಪಿಯು (ಪಾಲಿಯುರಿಥೇನ್ ಪಾಲಿಶ್) ಹೊಡೆಸೋಣ, ಗಾಜಿನ ಹಾಗೆ ಹೊಳೆಯುತ್ತದೆ ಅಂತ ಮಿಸ್ತ್ರಿ ಹೇಳಿದರೆ ನಾನು ಒಪ್ಪುವುದಿಲ್ಲ. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೇಲಿನ ಗಟ್ಟಿ ಪದರ ಬಿರಿಯುತ್ತದೆ. ಬಿರುಕಿನಿಂದ ಒಳಹೋದ ನೀರು ಹೊರಬರುವುದಿಲ್ಲ. ಎಣ್ಣೆಯಾದರೆ ಸಿಪ್ಪೆ ಏಳುವ ಮಾತೇ ಇಲ್ಲ. ಸವೆದಾಗ ತೊಳೆದು ಇನ್ನೊಂದು ಕೈ ಹಚ್ಚಿದರಾಯಿತು. ಯಾವಾಗ ಹಚ್ಚಬೇಕು? ನಾಲ್ಕು ಹನಿ ನೀರು ಹಾಕಿ ನೋಡಿ. ಮಣಿಯಾಗಿ ನಿಂತರೆ ಇನ್ನೂ ಸಮಯ ಇದೆ. ಕೆಲವೇ ನಿಮಿಷದಲ್ಲಿ ಇಂಗಿದರೆ ಈ ಸೀಸನ್ನಿಗೇ ಹಚ್ಚಿ.

ಬಾಗಿಲು ಬಿಗಿ, ಹಲಗೆ ಡೊಂಕು

ಎಸಿ ಇರುವ ಕೋಣೆಯಲ್ಲಿ ಮರದ ತೇವ ಸುಮಾರು 9 ಪ್ರತಿಶತ. ಜುಲೈಯಲ್ಲಿ ತೆರೆದ ಬಾಲ್ಕನಿಯಲ್ಲಿ 17ರ ಆಸುಪಾಸು. ಈ ವ್ಯತ್ಯಾಸಕ್ಕೆ 140 ಮಿಲಿಮೀಟರ್ ಅಗಲದ ರೆಡ್ ಸೀಡರ್ ಹಲಗೆ ಎರಡೂವರೆ ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಇಂಥ ಹತ್ತು ಹಲಗೆ ಒತ್ತಾಗಿ ಕೂರಿಸಿದರೆ ಎಲ್ಲಿಗೆ ಹೋಗಬೇಕು? ಮೇಲಕ್ಕೇ ಏಳುತ್ತವೆ. ಡೆಕ್ಕಿನ ಹಲಗೆಗಳ ನಡುವೆ 5 ಮಿಲಿಮೀಟರ್ ಸಂದು ಬಿಡಿಸಿ.

ಮಳೆಯಲ್ಲಿ ಬಾಗಿಲು ಬಿಗಿಯಾಯಿತು ಅಂತ ರಂದಾ ಹೊಡೆಸಿ ಅಂಚು ಹೆರೆಸಲು ಅವಸರ ಮಾಡಬೇಡಿ. ನವೆಂಬರ್‌ವರೆಗೆ ಕಾದು ನೋಡಿ. ಆಗ ಸಡಿಲವಾದರೆ ತೇವದ ಆಟ ಅಷ್ಟೇ. ಬಾಗಿಲಿನ ಮೇಲಿನ ಮತ್ತು ಕೆಳಗಿನ ಅಂಚಿಗೆ ಪಾಲಿಶ್ ಇದೆಯೇ ಅಂತ ಕೈ ಆಡಿಸಿ. ಯಾರಿಗೂ ಕಾಣುವುದಿಲ್ಲ ಅಂತ ಅದನ್ನು ಬಿಟ್ಟಿರುತ್ತಾರೆ, ತೇವ ಒಳಹೋಗುವುದೇ ಅಲ್ಲಿಂದ. ಪುಣೆಯ ಕತೆ ಉಲ್ಟಾ. ಅಲ್ಲಿ ಎಪ್ರಿಲ್ ಮಧ್ಯಾಹ್ನದ ಒಣಗಾಳಿಗೆ ಹಲಗೆ ಕುಗ್ಗಿ ಸಂದು ಬಾಯಿ ಬಿಡುತ್ತದೆ. ಆಗ ಪುಟ್ಟಿ ತುಂಬಿದರೆ ಮಳೆಯಲ್ಲಿ ಹಲಗೆ ಹಿಗ್ಗಿ ಪುಟ್ಟಿಯನ್ನು ಹೊರದಬ್ಬುತ್ತದೆ.

ಕಪಾಟು, ಸೀರೆ ಪೆಟ್ಟಿಗೆ

ಪರಿಮಳ ಹೋಯಿತು ಅನ್ನುವುದು ಸುಲಭದ ದೂರು. ಒಳಮೈಯನ್ನು 220ರ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ ಧೂಳು ಒರೆಸಿ. ಹೊಸ ಪದರ ತೆರೆದುಕೊಂಡು ವಾಸನೆ ಬರುತ್ತದೆ. ಆದರೆ ಸೀಡರ್ ಇದ್ದರೆ ಹುಳವೇ ಬರಲ್ಲ ಅನ್ನುವುದನ್ನು ಪೂರ್ತಿ ನಂಬಬೇಡಿ. ಅದರ ಎಣ್ಣೆ ಬಟ್ಟೆ ತಿನ್ನುವ ನುಸಿಯ ಎಳೆಯ ಮರಿಗಳಿಗೆ ಸ್ವಲ್ಪ ತೊಂದರೆ ಕೊಡುತ್ತದೆ, ಬೆಳೆದ ಹುಳ ಸಾಯುವುದಿಲ್ಲ. ಪೆಟ್ಟಿಗೆ ಬಿಗಿಯಾಗಿ ಮುಚ್ಚಬೇಕು, ಬಟ್ಟೆ ಒಗೆದು ಒಣಗಿಸಿಯೇ ಇಡಬೇಕು.

ಒಳಗೆಲ್ಲ ಅಂಟು ಅಂಟು ಆಗಿದ್ದರೆ ಒಳಗೆ ಯಾರೋ ವಾರ್ನಿಶ್ ಅಥವಾ ಮೆಲಮೈನ್ ಹೊಡೆದಿರುತ್ತಾರೆ. ಸೀಡರಿನ ಎಣ್ಣೆಯ ಆವಿ ಮುಚ್ಚಿದ ಜಾಗದಲ್ಲಿ ಅದನ್ನು ಮೆತ್ತಗೆ ಮಾಡುತ್ತದೆ. ಕೆಲವು ಪ್ಲಾಸ್ಟಿಕ್ಕಿಗೂ ಹೀಗೇ ಆಗುತ್ತದೆ. ಆ ಪದರವನ್ನು ಪೂರ್ತಿ ಕೆರೆದು ಮರವನ್ನು ಬರಿದಾಗಿ ಬಿಡುವುದೊಂದೇ ದಾರಿ. ರೇಷ್ಮೆ ಸೀರೆ, ಮದುವೆಯ ಇಳಕಲ್ ಯಾವುದನ್ನೂ ಬರಿಯ ಮರಕ್ಕೆ ತಾಗಿಸಿ ಇಡಬೇಡಿ. ಎಣ್ಣೆ ಕಲೆ ಹಿಡಿದರೆ ಹೋಗುವುದಿಲ್ಲ. ಒಗೆದ ಹತ್ತಿ ಪಂಚೆಯಲ್ಲಿ ಸುತ್ತಿಡಿ.

ಪುಡಿ, ತೂತು, ಮಣ್ಣಿನ ಗೆರೆ

ಟಾಲ್ಕಂ ಪೌಡರ್‌ನಷ್ಟು ನುಣುಪಾದ ಪುಡಿ, ಸಣ್ಣ ದುಂಡು ತೂತು. ಇದು ಕಂಡರೆ ನನಗೆ ಬರುವ ಮೊದಲ ಅನುಮಾನ, ಆ ತುಂಡು ಸೀಡರೇ ಅಲ್ಲ ಅಂತ. ಇಂಥ ಪುಡಿ ಮಾಡುವ ಲಿಕ್ಟಸ್ ದುಂಬಿ ತಿನ್ನುವುದು ಅಗಲ ಎಲೆಯ ಮರಗಳ ಪಿಷ್ಟವನ್ನು. ರಬ್ಬರ್ ಮರ, ಪ್ಲೈವುಡ್ ಅದಕ್ಕೆ ಇಷ್ಟ. ಸೂಜಿ ಎಲೆಯ ಸೀಡರನ್ನು ಅದು ಮುಟ್ಟುವುದಿಲ್ಲ. ಹಿಂಬದಿಯ ಹಲಗೆ, ಅಡಿಯ ಚೌಕಟ್ಟು ಬೇರೆ ಮರದ್ದಿರುತ್ತದೆ, ನೋಡಿ.

ಗಸಗಸೆಯಂಥ ಸಣ್ಣ ಕಾಳುಗಳು ಉದುರಿದ್ದರೆ ಮರದೊಳಗೇ ವಾಸಿಸುವ ಒಣ ಗೆದ್ದಲು. ಗೋಡೆಯ ಮೇಲೆ ಮಣ್ಣಿನ ಸುರಂಗ ಇದ್ದರೆ ನೆಲದ ಗೆದ್ದಲು. ಗೋವಾದಲ್ಲಿ ಜಂಬಿಟ್ಟಿಗೆ ಗೋಡೆಗೆ ತಾಗಿಸಿ ಕೂರಿಸಿದ ಚೌಕಟ್ಟುಗಳಲ್ಲಿ ಇದನ್ನು ಮೊದಲು ಹುಡುಕಿ. ಚೇಗು ತಡೆಯುತ್ತದೆ, ಬಿಳಿ ಮರ ತಡೆಯುವುದಿಲ್ಲ. ಎರಡು ಬಗೆಯ ಗೆದ್ದಲಿಗೂ ಮದ್ದು ಬೇರೆ, ಪೆಸ್ಟ್ ಕಂಟ್ರೋಲ್‌ನವರಿಗೆ ಯಾವುದು ಅಂತ ತೋರಿಸಿಯೇ ಕೆಲಸ ಕೊಡಿ.

ಕೊಳೆತಿದೆಯೇ?

ಸ್ಕ್ರೂಡ್ರೈವರ್ ಮೊನೆಯಿಂದ ಎಳೆಗೆ ಅಡ್ಡವಾಗಿ ಒಂದು ಸಣ್ಣ ಚಕ್ಕೆ ಎಬ್ಬಿಸಿ. ಗಟ್ಟಿ ಮರದ ಚಕ್ಕೆ ಉದ್ದಕ್ಕೆ ಸೀಳಿ ಬರುತ್ತದೆ. ಕೊಳೆತದ್ದು ಚಟ್ ಎಂದು ತುಂಡಾಗುತ್ತದೆ. ನೀರು ನಿಲ್ಲುವ ಕಡೆ ನೋಡಿ: ಕಂಬದ ಬುಡ, ಹಲಗೆಯ ತುದಿ, ಕಿಟಕಿಯ ಕೆಳಗಿನ ಪಟ್ಟಿ. ಮರದ ತೇವ 20 ಪ್ರತಿಶತದ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಅದಕ್ಕೆ ಮಳೆಗಾಲದ ಗಾಳಿಯೊಂದೇ ಸಾಲದು, ನೀರು ನಿಂತಿರಬೇಕು. ಮನಾಲಿಯ ಹಿಡಿಂಬಾ ದೇವಾಲಯ 1553ರದ್ದು, ಕಟ್ಟಿದ್ದು ದೇವದಾರಿನಲ್ಲಿ. ಮಳೆ ಹಿಮ ಅಲ್ಲೂ ಇದೆ. ಆದರೆ ಮುಂದಕ್ಕೆ ಚಾಚಿದ ಇಳಿಜಾರು ಮಾಡುಗಳು ನೀರನ್ನು ಗೋಡೆಯಿಂದ ದೂರ ಬೀಳಿಸುತ್ತವೆ.

ಮೊನೆ ಒಂದೆರಡು ಮಿಲಿಮೀಟರ್ ಮಾತ್ರ ಇಳಿದರೆ ಕೆರೆದು, ಒಣಗಿಸಿ, ಎಣ್ಣೆ ಹಚ್ಚಿ ಉಳಿಸಿಕೊಳ್ಳಬಹುದು. ಬೆರಳಿನಷ್ಟು ಆಳ ಹೋದರೆ ಆ ಭಾಗ ಕತ್ತರಿಸಿ ಹೊಸದು ಜೋಡಿಸಬೇಕು. ಮೆತ್ತಗಾದ ಕಡೆಯಿಂದ ಒಂದಡಿಯಾದರೂ ಆಚೆಗೆ, ಗಟ್ಟಿ ಮರದಲ್ಲೇ ಕತ್ತರಿಸಿ. ಕಂಬದ ಬುಡವಾದರೆ ನೆಲಕ್ಕೆ ತಾಗದಂತೆ ಸ್ಟೇನ್‌ಲೆಸ್ ಪಾದದ ಮೇಲೆ ಎತ್ತಿ ಕೂರಿಸಿ. ಹೊಸ ತುಂಡಿನ ಕತ್ತರಿಸಿದ ತುದಿಗಳಿಗೆ ಎಣ್ಣೆ ಎರಡು ಸಲ ಕುಡಿಸಿ, ಮರ ನೀರು ಹೀರುವುದು ಹೆಚ್ಚಾಗಿ ತುದಿಯಿಂದಲೇ.

ಮುಂಬೈಯಿಂದ ಮಳೆ ಹಿಂದೆ ಸರಿಯುವುದು ಸಾಮಾನ್ಯವಾಗಿ ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ. ಎಣ್ಣೆ, ಪೇಂಟ್ ಕೆಲಸವನ್ನು ಅದಾದ ಮೇಲೆ ಮೂರು ನಾಲ್ಕು ವಾರ ಬಿಟ್ಟು, ಮೀಟರ್ 15ಕ್ಕಿಂತ ಕೆಳಗೆ ತೋರಿಸಿದಾಗ ಇಟ್ಟುಕೊಳ್ಳಿ. ದೀಪಾವಳಿಗೆ ಮುಗಿಸಿಕೊಡಿ ಅಂತ ಮಿಸ್ತ್ರಿಗೆ ಗಂಟು ಬೀಳಬೇಡಿ. ಹಬ್ಬ ಬೇಗ ಬಂದ ವರ್ಷ ಮರ ಇನ್ನೂ ಒದ್ದೆಯಾಗೇ ಇರುತ್ತದೆ.